ಗುರಿ ಯಾರದ್ದು? ಸಿಪಿ ಇರುವ ಹದಿಹರೆಯದವರ ಪುನರ್ವಸತಿ ಬಗ್ಗೆ ಒಂದು ಪ್ರಶ್ನೆ

ಹೊಸಹೆಜ್ಜೆ (ಫಿಸಿಯೋಥೆರಪಿ)

ನಮ್ಮ ಘಟಕಕ್ಕೆ ಬರುವವರು ಹೆಚ್ಚಾಗಿ 13ರಿಂದ 20 ವರ್ಷದೊಳಗಿನ, ಸೆರೆಬ್ರಲ್ ಪಾಲ್ಸಿ (ಸಿಪಿ, ಅಂದರೆ ಎಳವೆಯಲ್ಲೇ ಮೆದುಳಿಗಾದ ಹಾನಿಯಿಂದ ಬರುವ ಚಲನೆಯ ತೊಂದರೆ) ಇರುವ ಹುಡುಗ ಹುಡುಗಿಯರು. ಓಡಾಟದ ಸಾಮರ್ಥ್ಯವನ್ನು ವಿಂಗಡಿಸುವ ಜಿಎಂಎಫ್‌ಸಿಎಸ್‌ನ ಹಂತ 1ರಿಂದ (ತೊಂದರೆ ಅತಿ ಕಡಿಮೆ) 5ರವರೆಗೆ (ಅತಿ ಹೆಚ್ಚು) ಎಲ್ಲರೂ ಇದ್ದಾರೆ. ಫೈಲ್ ತೆರೆದರೆ ಗುರಿಯ ಜಾಗದಲ್ಲಿ ಬಹುತೇಕ ಒಂದೇ ಸಾಲುಗಳು: ಮೀನಖಂಡದ ಬಿಗಿತ ಇಳಿಸುವುದು, ನಡಿಗೆ ಸುಧಾರಿಸುವುದು, ಕೂತಾಗಿನ ಸಮತೋಲನ ಹೆಚ್ಚಿಸುವುದು. ಹೆಸರು ಅದಲುಬದಲು ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ಬದಲಿಸಬೇಕು ಅಂತ ಹೊರಟಿದ್ದೇವೆ. ಸಿಕ್ಕಿಹಾಕಿಕೊಂಡಿರುವ ಕಡೆಗಳು ಇವು:

ಒಂದು, "ನಿನಗೇನು ಗುರಿ ಇದೆ?" ಅಂತ ಕೇಳಿದರೆ ಹತ್ತರಲ್ಲಿ ಎಂಟು ಸಲ "ಗೊತ್ತಿಲ್ಲ" ಅನ್ನುತ್ತಾರೆ, ಇಲ್ಲವೇ ಅಮ್ಮನ ಮುಖ ನೋಡುತ್ತಾರೆ. ಎರಡು, ತಂದೆತಾಯಿ ಬಯಸುವುದೊಂದು, ಮಕ್ಕಳು ಬಯಸುವುದು ಇನ್ನೊಂದು ಆದಾಗ ಯಾವುದನ್ನು ಬರೆಯಬೇಕು? ಮೂರು, ಮನೆಗೆ ಕೊಟ್ಟ ವ್ಯಾಯಾಮ ಮೂರನೇ ವಾರಕ್ಕೆ ನಿಂತುಹೋಗುತ್ತದೆ. ನಾಲ್ಕು, ಮಾತು ಬಾರದವರ ಗುರಿಯನ್ನು ತಿಳಿಯುವುದು ಹೇಗೆ? ನಮಗೆ ಸಿಗುವುದು ಒಂದು ಸೆಷನ್‌ಗೆ 45 ನಿಮಿಷ, ಎಂಟು ವಾರ. ಇಷ್ಟರಲ್ಲಿ ನಿಜವಾಗಿ ಏನು ಸಾಧ್ಯ ಅನ್ನುವುದನ್ನು ಮಾಡಿ ತಿಳಿದವರು ಹೇಳಿ.

ಕೈಚಳಕ (ಆಕ್ಯುಪೇಷನಲ್ ಥೆರಪಿ)

"ಗೊತ್ತಿಲ್ಲ" ಅಂತ ಬಂದಾಗ ಮೊದಲು ನಾವು ಕೇಳಿದ ಪ್ರಶ್ನೆಯನ್ನೇ ಅನುಮಾನಿಸಬೇಕು. 15 ವರ್ಷದ ಯಾರನ್ನೇ ಕೂರಿಸಿ "ನಿನ್ನ ಗುರಿ ಏನು" ಅಂದರೆ ತಡವರಿಸುತ್ತಾರೆ. ಅದರ ಬದಲು ನಿನ್ನೆಯ ದಿನವನ್ನು ಕೇಳಿ. ಹಾಸಿಗೆಯಿಂದ ಎದ್ದದ್ದು ಹೇಗೆ, ಶೌಚಾಲಯಕ್ಕೆ ಯಾರ ಜೊತೆ, ಬಟ್ಟೆ ಹಾಕಿದ್ದು ಯಾರು, ಒಂದು ತರಗತಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಪಾಠ ಶುರುವಾಗಿತ್ತಾ, ಬಿಡುವಿನಲ್ಲಿ ಎಲ್ಲಿ ಕೂತಿದ್ದೆ, ಪಕ್ಕದಲ್ಲಿ ಯಾರಿದ್ದರು, ಫೋನಿನಲ್ಲಿ ಟೈಪ್ ಮಾಡುವುದು ಯಾವ ಬೆರಳಿನಿಂದ. ಹೀಗೆ ಹೋಗುತ್ತಾ ಎಲ್ಲೋ ಒಂದು ಕಡೆ ಮಾತು ಮೊಟಕಾಗುತ್ತದೆ. ಅಲ್ಲಿ ನಿಲ್ಲಿಸಿ, "ಇಲ್ಲಿ ಏನು ಬದಲಾದರೆ ನಿನಗೆ ಹಗುರ ಅನ್ನಿಸುತ್ತೆ?" ಅಂತ ಕೇಳಿ. ಗುರಿ ಅಲ್ಲಿಂದ ಹೊರಡುತ್ತದೆ.

ಇದನ್ನೇ ಕ್ರಮಬದ್ಧವಾಗಿ ಮಾಡಲು ಸಿಒಪಿಎಂ ಅನ್ನುವ ಸಂದರ್ಶನದ ಅಳತೆಪಟ್ಟಿ ಇದೆ. ಸ್ವಂತ ಆರೈಕೆ, ಓದು-ಕೆಲಸ, ಬಿಡುವಿನ ಚಟುವಟಿಕೆ ಅಂತ ಮೂರು ಭಾಗಗಳಲ್ಲಿ ಮಾತಾಡಿ, ಕಷ್ಟ ಅನ್ನಿಸಿದ ಪ್ರತಿಯೊಂದಕ್ಕೂ "ನಿನಗಿದು ಎಷ್ಟು ಮುಖ್ಯ" ಅಂತ 1ರಿಂದ 10ರೊಳಗೆ ಅಂಕ ಕೊಡಿಸಬೇಕು. ಅದರಲ್ಲಿ ಹೆಚ್ಚೆಂದರೆ ಐದನ್ನು ಆರಿಸಿಕೊಂಡು, ಈಗ ಎಷ್ಟು ಚೆನ್ನಾಗಿ ಮಾಡುತ್ತೇನೆ, ಅದರ ಬಗ್ಗೆ ಎಷ್ಟು ತೃಪ್ತಿ ಇದೆ ಅಂತ ಎರಡು ಅಂಕ ಬೇರೆ ಬೇರೆ. ಎಂಟು ವಾರದ ನಂತರ ಮತ್ತೆ ಕೇಳಿದಾಗ 2 ಅಥವಾ ಅದಕ್ಕಿಂತ ಹೆಚ್ಚು ಏರಿದ್ದರೆ ಬದಲಾವಣೆ ಅರ್ಥಪೂರ್ಣ ಅಂತ ಹಿಡಿಯುತ್ತಾರೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ ಮಗನ ಅಂಕ, ಅಮ್ಮನ ಅಂಕ ಎರಡನ್ನೂ ಚರ್ಚೆ ಮಾಡಿ ಒಂದೇ ಅಂಕವಾಗಿಸುವುದು. ಹಾಗೆ ಮಾಡಬೇಡಿ. ಎರಡು ಹಾಳೆ ಇಟ್ಟುಕೊಳ್ಳಿ. ನಿಮ್ಮ ಎರಡನೇ ಪ್ರಶ್ನೆಗೂ ಇದೇ ಉತ್ತರ: ಇಬ್ಬರ ಗುರಿಯನ್ನೂ ಬರೆಯಿರಿ, ಯಾರದ್ದು ಅಂತ ಹೆಸರು ಹಾಕಿ ಬರೆಯಿರಿ. ಆದರೆ ಬೆವರು ಸುರಿಸಬೇಕಾದವರು ಯಾರೋ ಅವರ ಗುರಿಯಿಂದಲೇ ತರಬೇತಿ ಶುರುವಾಗಲಿ.

ಗುರಿ ಸಿಕ್ಕ ಮೇಲೆ ಅದನ್ನೇ, ಇಡಿಯಾಗಿ, ಅದು ನಡೆಯುವ ಜಾಗದಲ್ಲೇ ಅಭ್ಯಾಸ ಮಾಡಿಸಬೇಕು. ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಬಲಗಡೆ ಮಾತ್ರ ಬಿಗಿತ ಇರುವ, ಮ್ಯಾಕ್ಸ್ (ಕೈಬಳಕೆಯ ಸಾಮರ್ಥ್ಯವನ್ನು 1ರಿಂದ 5ರೊಳಗೆ ವಿಂಗಡಿಸುವ ಪಟ್ಟಿ) ಹಂತ 2ರ ಹುಡುಗ. ಅವನ ಗುರಿ: ಜಾಕೆಟ್ ಜಿಪ್ ಯಾರನ್ನೂ ಕೇಳದೆ ಹಾಕಿಕೊಳ್ಳುವುದು. ನಮ್ಮ ಹಳೆಯ ರೂಢಿಯಂತೆ ಬೆರಳಿನ ಹಿಡಿತಕ್ಕೆ ಪುಟ್ಟಿ (ಜೇಡಿಮಣ್ಣಿನಂಥ ಮೆತ್ತನೆಯ ಉಂಡೆ) ಹಿಸುಕಿಸುತ್ತಿದ್ದೆವು. ಆದರೆ ಅವನು ಜಿಪ್ ಹಾಕುವುದನ್ನೇ ಮೂರು ಸಲ ನೋಡಿದರೆ ತೊಂದರೆ ಬೇರೆ ಕಡೆ ಇದೆ. ಜಿಪ್‌ನ ಒಂದು ಬದಿಯ ತುದಿಯಲ್ಲಿ ಪಿನ್, ಇನ್ನೊಂದು ಬದಿಯ ತುದಿಯಲ್ಲಿ ಅದು ಕೂರುವ ಚಿಕ್ಕ ಗೂಡು. ಎಡಗೈ ಪಿನ್ ತೂರಿಸಲು ಹೆಣಗಿದಷ್ಟೂ ಬಲಗೈ ತಾನಾಗಿ ಬಿಗಿಯುತ್ತದೆ, ಮೊಣಕೈ ಮಡಚಿ ಗೂಡಿನ ಬದಿ ಮೇಲಕ್ಕೆ ಹೋಗುತ್ತದೆ. ಪಿನ್ ತಳಕ್ಕೆ ಮುಟ್ಟಿರುವುದಿಲ್ಲ. ಆ ಸ್ಥಿತಿಯಲ್ಲೇ ರನ್ನರ್ ಎಳೆದರೆ ಎರಡು ಮೂರು ಹಲ್ಲು ದಾಟಿ ಸಿಕ್ಕಿಕೊಳ್ಳುತ್ತದೆ.

ಇದನ್ನು ನಾವು ಹೇಳಿಕೊಡಬಾರದು, ಅವನಿಂದಲೇ ಹೊರಡಿಸಬೇಕು. ಕೋ-ಆಪ್ ಅನ್ನುವ ತರಬೇತಿ ವಿಧಾನದ ನಾಲ್ಕು ಹೆಜ್ಜೆ ಇದಕ್ಕೇ ಇರುವುದು: ಗುರಿ, ಉಪಾಯ, ಮಾಡು, ನೋಡು. "ಎಲ್ಲಿ ಸಿಕ್ಕಿಕೊಂಡಿತು?" "ಕೆಳಗೆ." "ಆಗ ಪಿನ್ ಎಲ್ಲಿತ್ತು?" ಹೀಗೆ ಕೇಳುತ್ತಾ ಹೋದರೆ ಉಪಾಯ ಅವನೇ ಹೇಳುತ್ತಾನೆ. ಕೂತುಕೊಂಡು, ಗೂಡಿನ ಬದಿಯನ್ನು ತೊಡೆಯ ಮೇಲಿಟ್ಟು ಬಲಗೈಯ ಅಂಚಿನಿಂದ ಒತ್ತಿ ಹಿಡಿಯುವುದು, ಪಿನ್ ತಳ ಮುಟ್ಟಿದ ಮೇಲೆ ಒಂದು ಎರಡು ಎಣಿಸಿ ಆಮೇಲೆ ಎಳೆಯುವುದು. ರನ್ನರ್‌ಗೆ ಬೆರಳು ತೂರುವಷ್ಟು ದೊಡ್ಡ ಉಂಗುರ ಹಾಕಿದರೆ ಚಿವುಟಿ ಹಿಡಿಯುವ ಕಷ್ಟ ತಪ್ಪುತ್ತದೆ. ಮೊದಲು ದಪ್ಪ ಹಲ್ಲಿನ ಜಿಪ್, ಆಮೇಲೆ ಅವನದ್ದೇ ಜಾಕೆಟ್. ತಾನೇ ಕಂಡುಕೊಂಡ ಉಪಾಯವನ್ನು ಬ್ಯಾಗಿನ ಜಿಪ್‌ಗೂ ಒಯ್ಯುತ್ತಾನೆ. ನಾವು ಹೇಳಿಕೊಟ್ಟದ್ದು ಆ ಜಾಕೆಟ್‌ಗೇ ನಿಲ್ಲುತ್ತದೆ.

ಪ್ರಮಾಣದ ಲೆಕ್ಕ ಬಹಳ ಜನ ಹಾಕುವುದೇ ಇಲ್ಲ. ಕೈಗೆ ಸಂಬಂಧಿಸಿದ ಒಂದು ಗುರಿ ಕೈಗೂಡಲು ಸುಮಾರು 14ರಿಂದ 25 ಗಂಟೆ ಅಭ್ಯಾಸ ಬೇಕು ಅಂತ 2020ರಲ್ಲಿ ಬಂದ ವಿಮರ್ಶೆ ಹೇಳುತ್ತದೆ. ಇದರಲ್ಲಿ ಮನೆಯ ಅಭ್ಯಾಸವೂ ಸೇರಿದೆ. ವಾರಕ್ಕೊಂದು 45 ನಿಮಿಷದ ಸೆಷನ್ ಎಂಟು ವಾರ ಅಂದರೆ ಬರೀ 6 ಗಂಟೆ. ಅದನ್ನು ಐದು ಗುರಿಗೆ ಹಂಚಿದರೆ ಯಾವುದೂ ದಡ ಸೇರುವುದಿಲ್ಲ. ಒಂದೇ ಗುರಿ, ಹೆಚ್ಚೆಂದರೆ ಎರಡು. ದಿನಕ್ಕೆ 15 ನಿಮಿಷ, ಎಂಟು ವಾರ ಮಾಡಿದರೆ 14 ಗಂಟೆ ಆಗುತ್ತದೆ. ಮೂರನೇ ವಾರಕ್ಕೆ ನಿಂತುಹೋಗುವುದರ ಕಾರಣವೂ ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ: ಹತ್ತು ವ್ಯಾಯಾಮದ ಹಾಳೆಗೂ ಅವರ ದಿನಕ್ಕೂ ಸಂಬಂಧವೇ ಇರುವುದಿಲ್ಲ. ಹೊರಗೆ ಹೊರಡುವ ಮುಂಚಿನ 15 ನಿಮಿಷ ಜಿಪ್‌ಗೆ ಅಂತ ಅವರೇ ಗೊತ್ತು ಮಾಡಿದರೆ ಅದು ಉಳಿಯುತ್ತದೆ.

ಅಳೆಯಲು ಗೋಲ್ ಅಟೈನ್‌ಮೆಂಟ್ ಸ್ಕೇಲ್ (ಗುರಿ ಎಷ್ಟು ಕೈಗೂಡಿತು ಅನ್ನುವ ಐದು ಮೆಟ್ಟಿಲಿನ ಅಳತೆ, 0 ಅಂದರೆ ಅಂದುಕೊಂಡಷ್ಟು) ಬಳಸುವುದಾದರೆ, −2ರಿಂದ +2ರವರೆಗೆ ಹೋಗುವಾಗ ಒಂದೇ ಸಂಗತಿ ಬದಲಾಗಲಿ. ಈಗ ಮೂರು ನಿಮಿಷ ಹಿಡಿಯುತ್ತಿದ್ದರೆ ಅದು −1, ಒಂದೂವರೆ ನಿಮಿಷ 0, ಒಂದು ನಿಮಿಷ +1, ಅರ್ಧ ನಿಮಿಷ +2. ಸಮಯವನ್ನೂ, ನಿಂತು ಮಾಡುವುದನ್ನೂ, ಸಹಾಯವನ್ನೂ ಒಟ್ಟಿಗೆ ಬದಲಿಸಿದರೆ ಕೊನೆಗೆ ಅಂಕ ಕೊಡಲು ಬರುವುದಿಲ್ಲ. ಇವತ್ತಿನ ಸ್ಥಿತಿಯನ್ನು −2ಕ್ಕೆ ಇಡುವವರೂ ಇದ್ದಾರೆ. ಹದಿಹರೆಯದಲ್ಲಿ ಕೆಲವು ಕೌಶಲ ಹಿಂದಕ್ಕೂ ಹೋಗಬಹುದಾದ್ದರಿಂದ −1ರಲ್ಲಿ ಇಟ್ಟು ಕೆಳಗೊಂದು ಮೆಟ್ಟಿಲು ಬಿಡುವುದು ಒಳ್ಳೆಯದು.

ಸದ್ದುಪದ (ಸ್ಪೀಚ್ ಥೆರಪಿ)

ನಾಲ್ಕನೇ ಪ್ರಶ್ನೆಗೆ. ಮಾತು ಬಾರದವರ ಗುರಿಯನ್ನು ಮನೆಯವರಿಂದ ತಿಳಿದುಕೊಂಡರೆ ಅದು ಮನೆಯವರ ಗುರಿಯೇ. ಸಿಪಿ ಇರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತು ಬರುವುದಿಲ್ಲ, ಹಾಗಾಗಿ ಇದು ಅಪರೂಪದ ಸಂದರ್ಭ ಅಲ್ಲ.

ಮೊದಲ ಕೆಲಸ, ಹೌದು-ಇಲ್ಲ ಎಷ್ಟು ಗಟ್ಟಿ ಅಂತ ನೋಡುವುದು. ಕಣ್ಣು ಮೇಲಕ್ಕೆತ್ತಿದರೆ ಹೌದಾ, ತಲೆ ಪಕ್ಕಕ್ಕೆ ವಾಲಿದರೆ ಇಲ್ಲವಾ ಅಂತ ಅವರಿಂದಲೇ ಖಚಿತ ಮಾಡಿಕೊಳ್ಳಿ. ಉತ್ತರ ನಿಮಗೂ ಗೊತ್ತಿರುವ ನಾಲ್ಕು ಪ್ರಶ್ನೆ ಕೇಳಿ, ಎರಡಕ್ಕೆ ಹೌದು, ಎರಡಕ್ಕೆ ಇಲ್ಲ ಬರುವ ಹಾಗೆ, ಕ್ರಮ ಕಲಸಿ. ಪ್ರಶ್ನೆ ಕೇಳಿದ ಮೇಲೆ ಕನಿಷ್ಠ 10 ಸೆಕೆಂಡ್ ಬಾಯಿ ಮುಚ್ಚಿ ಕಾಯಿರಿ. ಡಿಸ್ಟೋನಿಯಾ (ಸ್ನಾಯುಗಳು ತಾವಾಗಿ ಬಿಗಿದು ಮೈ ತಿರುಚುವುದು) ಇರುವವರಿಗೆ ಉತ್ತರಿಸಬೇಕು ಅನ್ನುವ ಪ್ರಯತ್ನವೇ ಮೈಯನ್ನು ಬೇರೆ ಕಡೆ ತಿರುಗಿಸಿಬಿಡುತ್ತದೆ, ತಲೆ ಮಧ್ಯಕ್ಕೆ ಬರಲು ಅಷ್ಟು ಹೊತ್ತು ಬೇಕು. ಐದನೇ ಸೆಕೆಂಡಿಗೆ ನೀವು ಪ್ರಶ್ನೆಯನ್ನೇ ತಿರುಚಿ ಕೇಳಿದರೆ ಅವರು ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಆಮೇಲೆ ಚಿತ್ರದ ಚೀಟಿಗಳು. ಬಟ್ಟೆ, ಓಡಾಟ, ಗೆಳೆಯರು, ಫೋನ್, ನೋವು, ನಿದ್ದೆ, ಓದು, ಶೌಚಾಲಯ, ಒಬ್ಬರೇ ಇರುವುದು ಹೀಗೆ 12ರಿಂದ 15. ಮೇಜಿನ ಮೇಲೆ ಮೂರು ಅಂಕಣ: ಸರಿ ಇದೆ, ಹೇಳಲಾರೆ, ಬದಲಾಗಬೇಕು. ಒಂದೊಂದು ಚೀಟಿ ತೋರಿಸಿ ಯಾವ ಅಂಕಣಕ್ಕೆ ಅಂತ ಕಣ್ಣಲ್ಲಿ ಹೇಳಿಸಿ. ಕೊನೆಗೆ ಮೂರನೇ ಅಂಕಣದ ಚೀಟಿಗಳಷ್ಟನ್ನೇ ಇಟ್ಟು ಯಾವುದು ಮೊದಲು ಅಂತ ಕೇಳಿ, ಫೋಟೋ ತೆಗೆದು ಫೈಲ್‌ಗೆ ಸೇರಿಸಿ. ಬಹಳ ಸಲ ಬಿಟ್ಟುಹೋಗುವುದು ಒಂದು ಖಾಲಿ ಚೀಟಿ. "ಇದರಲ್ಲಿ ಯಾವುದೂ ಅಲ್ಲ, ಬೇರೆ ಇದೆ" ಅನ್ನಲು ದಾರಿಯೇ ಇಲ್ಲದಿದ್ದರೆ ನಾವು ಕೊಟ್ಟಿದ್ದರಲ್ಲೇ ಒಂದನ್ನು ಆರಿಸಿ ಸುಮ್ಮನಾಗುತ್ತಾರೆ, ನಾವು ಅದನ್ನು ಅವರ ಆಯ್ಕೆ ಅಂತ ಬರೆದುಕೊಳ್ಳುತ್ತೇವೆ.

ಮಾತು ತೊದಲುವವರ ಜೊತೆ ಇನ್ನೊಂದು: ಅರ್ಥವಾಗದೆ ತಲೆಯಾಡಿಸಬೇಡಿ. ಅರ್ಥವಾದಷ್ಟನ್ನು ತಿರುಗಿ ಹೇಳಿ. "ಶನಿವಾರ ಹೋಗಬೇಕು ಅಂದಿದ್ದು ಗೊತ್ತಾಯಿತು, ಎಲ್ಲಿಗೆ ಅನ್ನುವುದು ತಪ್ಪಿತು." ಹೀಗಂದರೆ ಒಂದು ಪದ ಮಾತ್ರ ಮತ್ತೆ ಹೇಳಿದರೆ ಸಾಕಾಗುತ್ತದೆ. ಹೇಳಿದ್ದನ್ನು ಪಕ್ಕದಲ್ಲಿರುವವರು ಅನುವಾದಿಸುವುದು ಅವರು ಒಪ್ಪಿದರೆ ಮಾತ್ರ.

ಕೀಲುಮೂಳೆ (ಪುನರ್ವಸತಿ ವೈದ್ಯೆ)

ಮೇಲಿನ ಇಬ್ಬರ ಮಾತಿಗೂ ನನ್ನ ಒಪ್ಪಿಗೆ ಇದೆ. ಆದರೂ ಒಂದು ಎಚ್ಚರಿಕೆ ಹೇಳಲೇಬೇಕು. ಗುರಿ ಅವರದ್ದಾಗಲಿ, ಆದರೆ ಮೈಮೇಲಿನ ನಿಗಾ ನಮ್ಮ ಹೊಣೆ. ಸೊಂಟದ ಕೀಲು ಜಾರುತ್ತಿದೆ ಅನ್ನುವುದನ್ನು ಯಾವ ಹುಡುಗಿಯೂ ಸಿಒಪಿಎಂನಲ್ಲಿ ಬರೆಸುವುದಿಲ್ಲ, ಮೊದಮೊದಲು ನೋವೇ ಇರುವುದಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ 2006ರ ಅಧ್ಯಯನದಲ್ಲಿ ಜಿಎಂಎಫ್‌ಸಿಎಸ್ ಹಂತ 1ರ ಯಾರಿಗೂ ಸೊಂಟ ಜಾರಿರಲಿಲ್ಲ, ಹಂತ 5ರಲ್ಲಿ ಶೇ. 90 ಮಂದಿಗೆ ಜಾರಿತ್ತು. ಎಕ್ಸ್‌ರೇಯಲ್ಲಿ ಮೂಳೆಯ ಚೆಂಡು ಶೇ. 30ಕ್ಕಿಂತ ಹೆಚ್ಚು ಗುಂಡಿಯಿಂದ ಹೊರಬಂದಿದ್ದರೆ ಅದನ್ನು ಜಾರಿದೆ ಅಂತ ಲೆಕ್ಕ ಹಿಡಿಯುತ್ತಾರೆ. ಮೂಳೆ ಬೆಳೆದು ಮುಗಿಯುವವರೆಗೆ ಈ ತಪಾಸಣೆ ಬಿಡುವ ಹಾಗಿಲ್ಲ, ಬೆನ್ನುಮೂಳೆ ಡೊಂಕಾಗುತ್ತಿದ್ದರೆ ಅದರ ನಂತರವೂ ಬೇಕು. ಇದನ್ನು ಗುಟ್ಟಾಗಿಯೂ ಮಾಡಬೇಡಿ. ಎಕ್ಸ್‌ರೇ ಪರದೆಯನ್ನು ಅವರ ಕಡೆ ತಿರುಗಿಸಿ, ಹೋದ ಸಲದ್ದು ಈ ಸಲದ್ದು ಪಕ್ಕಪಕ್ಕ ಇಟ್ಟು ತೋರಿಸಿ.

ನೋವನ್ನು ಪ್ರತಿ ಭೇಟಿಯಲ್ಲೂ ನೇರವಾಗಿ ಅವರಲ್ಲೇ ಕೇಳಬೇಕು. ಸಿಪಿ ಇರುವ ನಾಲ್ವರಲ್ಲಿ ಮೂವರಿಗೆ ನೋವಿದೆ, ಆದರೆ ಅದು ಹುಟ್ಟಿನಿಂದ ಜೊತೆಗೇ ಬಂದಿದ್ದರೆ ಎಲ್ಲರಿಗೂ ಹೀಗೇ ಇರುತ್ತೆ ಅಂದುಕೊಂಡಿರುತ್ತಾರೆ. "ನೋವಿದೆಯಾ" ಅಂದರೆ ಇಲ್ಲ ಅನ್ನುತ್ತಾರೆ. "ರಾತ್ರಿ ಯಾಕೆ ಎಚ್ಚರವಾಗುತ್ತೆ, ಎಷ್ಟು ಹೊತ್ತು ಕೂತ ಮೇಲೆ ಮೈ ಕದಲಿಸಬೇಕು ಅನ್ನಿಸುತ್ತೆ" ಅಂದರೆ ಹೊರಬರುತ್ತದೆ.

ಬಿಗಿತ ಇಳಿಸುವ ಮೊದಲು ಒಂದು ಪ್ರಶ್ನೆ: "ಈ ಬಿಗಿತದಿಂದ ನಿನಗೆ ಉಪಯೋಗ ಏನಾದರೂ ಇದೆಯಾ?" ಕುರ್ಚಿಯಿಂದ ಹಾಸಿಗೆಗೆ ದಾಟುವಾಗ ಕಾಲಿನ ಬಿಗಿತದ ಮೇಲೇ ನಿಲ್ಲುವವರಿದ್ದಾರೆ. ಬ್ಯಾಕ್ಲೋಫೆನ್ (ಬಿಗಿತ ಇಳಿಸುವ ಮಾತ್ರೆ) ಏರಿಸಿದರೆ ಪರೀಕ್ಷೆಯ ಮೇಜಿನ ಮೇಲೆ ಕಾಲು ಸಡಿಲವಾಗಿ ಚಂದ ಕಾಣುತ್ತದೆ, ಮನೆಗೆ ಹೋದರೆ ಎದ್ದು ನಿಲ್ಲಲು ಬರುವುದಿಲ್ಲ, ಇಬ್ಬರು ಎತ್ತಬೇಕಾಗುತ್ತದೆ. ಸ್ನಾಯುವಿಗೆ ಕೊಟ್ಟು ಬಿಗಿತ ಇಳಿಸುವ ಬೊಟುಲಿನಂ ಚುಚ್ಚುಮದ್ದಿನ ಪರಿಣಾಮ ಮೂರ್ನಾಲ್ಕು ತಿಂಗಳಷ್ಟೇ. ಆ ಅವಧಿಗೆ ಅವರ ಯಾವ ಗುರಿಯ ತರಬೇತಿ ಹೊಂದಿಸಿದ್ದೇವೆ ಅಂತ ಹೇಳಲಾಗದಿದ್ದರೆ ಚುಚ್ಚಬೇಡಿ. ಬ್ಯಾಕ್ಲೋಫೆನ್ ಒಮ್ಮೆಲೇ ನಿಲ್ಲಿಸಿದರೆ ಬಿಗಿತ ವಿಪರೀತವಾಗಿ ಮರುಕಳಿಸಬಹುದು, ಫಿಟ್ಸ್, ಭ್ರಮೆ ಬರಬಹುದು. ಮಾತ್ರೆಯ ಜವಾಬ್ದಾರಿ ಅಮ್ಮನಿಂದ ಮಗಳಿಗೆ ಬರುವ ವಯಸ್ಸಿನಲ್ಲಿ ಇದನ್ನು ಮಗಳಿಗೇ ಕೂರಿಸಿ ಹೇಳಬೇಕು.

ಎಎಫ್‌ಒ (ಪಾದ ಮತ್ತು ಕಣಕಾಲಿಗೆ ಆಸರೆ ಕೊಡುವ ಪಟ್ಟಿ) ಹಾಕಲ್ಲ ಅಂತ ಹಟ ಹಿಡಿದರೆ ಗಂಟೆಗಳ ಚೌಕಾಸಿ ಬಿಟ್ಟು ಕೆಲಸಗಳ ಪಟ್ಟಿ ಮಾಡಿ. ಉದ್ದ ನಡಿಗೆಗೆ, ಮೆಟ್ಟಿಲಿಗೆ ಬೇಕು. ತರಗತಿಯಲ್ಲಿ ಕೂತಾಗ, ಫೋಟೋ ತೆಗೆಸಿಕೊಳ್ಳುವ ದಿನ ಬೇಡ. ಯಾಕೆ ಹಾಕುತ್ತಿಲ್ಲ ಅಂತ ಕೇಳುವ ಮೊದಲು ಬಿಚ್ಚಿಸಿ ಚರ್ಮ ನೋಡಿ. ಕೆಂಪು ಗುರುತು ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ ತಪ್ಪು ಎಎಫ್‌ಒದ್ದು, ಅದನ್ನು ಸರಿಪಡಿಸುವವರೆಗೆ ಹಾಕಿಸಬಾರದು. ಬೆಳೆಯುವ ವಯಸ್ಸಲ್ಲಿ ಕೆಲವೇ ತಿಂಗಳಲ್ಲಿ ಅಳತೆ ತಪ್ಪುತ್ತದೆ.

ಕೈಯಿಂದ ಕೆಲವೇ ನಿಮಿಷ ಎಳೆಯುವ ಸ್ಟ್ರೆಚ್‌ನಿಂದ ಸ್ನಾಯು ಉದ್ದವಾಗುತ್ತದೆ ಅನ್ನಲು ಆಧಾರ ತೀರಾ ದುರ್ಬಲ. ಆ ಸಮಯವನ್ನು ಅವರಿಗೆ ವಾಪಸ್ ಕೊಡಿ. ಬದಲಿಗೆ ದಮ್ಮು ಹೆಚ್ಚಿಸುವ (ಏರೋಬಿಕ್) ವ್ಯಾಯಾಮ: ವಾರಕ್ಕೆ ಒಂದೆರಡು ಸಲದಿಂದ ಶುರುಮಾಡಿ ಮೂರಕ್ಕೆ, ಸಲಕ್ಕೆ ಕನಿಷ್ಠ 20 ನಿಮಿಷ. ಸ್ನಾಯು ಬಲಕ್ಕೆ ವಾರದಲ್ಲಿ ಎರಡರಿಂದ ನಾಲ್ಕು ದಿನ, ನಡುವೆ ಬಿಡುವು ಕೊಟ್ಟು, 6ರಿಂದ 15 ಸಲದ ಒಂದರಿಂದ ಮೂರು ಸೆಟ್, 12ರಿಂದ 16 ವಾರ. ಈಜೋ, ಕೈಯಿಂದ ತಿರುಗಿಸುವ ಸೈಕಲ್ಲೋ, ವೀಲ್‌ಚೇರ್ ಓಟವೋ, ಅವರಿಗೆ ಯಾವುದು ಇಷ್ಟವೋ ಅದು.

ಹೊಸಹೆಜ್ಜೆ (ಫಿಸಿಯೋಥೆರಪಿ)

ಎಲ್ಲರಿಗೂ ಧನ್ಯವಾದ. ಗೂಡು-ಪಿನ್ ವಿವರ ನಾಳೆಯೇ ಕೆಲಸಕ್ಕೆ ಬರುತ್ತದೆ. ಇನ್ನೊಂದು ಬಿಕ್ಕಟ್ಟು: ಜಿಎಂಎಫ್‌ಸಿಎಸ್ ಹಂತ 3, 16 ವರ್ಷ, ವಾಕರ್‌ನಲ್ಲಿ ನಡೆಯುವ ಹುಡುಗಿ ಪವರ್ ವೀಲ್‌ಚೇರ್ ಕೇಳುತ್ತಿದ್ದಾಳೆ. ಕುರ್ಚಿ ಬಂದರೆ ನಡಿಗೆ ನಿಂತೇಹೋಗುತ್ತದೆ ಅಂತ ಮನೆಯವರ ಭಯ. ಆ ಭಯದಲ್ಲಿ ಹುರುಳಿಲ್ಲ ಅಂತಲೂ ಹೇಳಲಾರೆ.

ಗಾಲಿಗುಂಟ (ಫಿಸಿಯೋಥೆರಪಿ, ಸೀಟಿಂಗ್)

ಭಯಕ್ಕೆ ಕಾರಣ ಇದೆ. ಹಂತ 3ರಿಂದ 5ರವರಲ್ಲಿ ಹದಿಹರೆಯಕ್ಕೆ ಬರುವಾಗ ಚಲನೆಯ ಸಾಮರ್ಥ್ಯ ಇಳಿಯುವುದು ದಾಖಲಾಗಿದೆ. ಆದರೆ ಅದು ಕುರ್ಚಿ ಇಲ್ಲದವರಿಗೂ ಆಗುತ್ತದೆ. ಮೈತೂಕ ಏರಿದಷ್ಟು ಬಲ ಏರುವುದಿಲ್ಲ, ಎಲುಬು ಬೆಳೆದ ವೇಗಕ್ಕೆ ಸ್ನಾಯು ಬೆಳೆಯುವುದಿಲ್ಲ, ಮಂಡಿ ಬಗ್ಗಿದ ನಡಿಗೆ ಹೆಚ್ಚುತ್ತದೆ. ಸಿಪಿ ಇರುವವರು ನಡೆಯಲು ಅದೇ ವಯಸ್ಸಿನ ಬೇರೆಯವರಿಗಿಂತ ಎರಡು ಮೂರು ಪಟ್ಟು ಶಕ್ತಿ ಸುಡಬೇಕಾಗುತ್ತದೆ. ತರಗತಿ ತಲುಪುವಷ್ಟರಲ್ಲೇ ಆ ಶಕ್ತಿ ಮುಗಿದರೆ ಪಾಠಕ್ಕೆ, ಗೆಳತಿಯರಿಗೆ ಏನೂ ಉಳಿಯುವುದಿಲ್ಲ. ಅವಳು ಕೇಳುತ್ತಿರುವುದು ಬಹುಶಃ ಇದನ್ನೇ.

ಕುರ್ಚಿಯಾ ನಡಿಗೆಯಾ ಅಂತ ಕೇಳಿದರೆ ಜಗಳ ಮುಗಿಯುವುದಿಲ್ಲ. ಫಂಕ್ಷನಲ್ ಮೊಬಿಲಿಟಿ ಸ್ಕೇಲ್ (ಎಷ್ಟು ದೂರಕ್ಕೆ ಹೇಗೆ ಓಡಾಡುತ್ತಾರೆ ಅನ್ನುವ ಅಳತೆ) ಹಾಳೆ ಮುಂದಿಟ್ಟುಕೊಂಡು ಕೂರಿ. ಅದರಲ್ಲಿ 5, 50, 500 ಮೀಟರ್ ಮೂರಕ್ಕೂ ಬೇರೆ ಬೇರೆ ಅಂಕ, 1 ಅಂದರೆ ವೀಲ್‌ಚೇರ್, 2 ವಾಕರ್, ಹೀಗೆ 6ರವರೆಗೆ. ಮನೆಯೊಳಗಿನ 5 ಮೀಟರ್ ವಾಕರ್, ಶಾಲೆಯ 50 ಮೀಟರ್ ಅವಳ ಆಯ್ಕೆ, ಹೊರಗಿನ 500 ಮೀಟರ್ ಕುರ್ಚಿ. ಮೂರನ್ನೂ ಅವಳೇ ತುಂಬಲಿ, ಆಮೇಲೆ ಮನೆಯವರು ಇನ್ನೊಂದು ಹಾಳೆ ತುಂಬಲಿ. ಸಾಮಾನ್ಯವಾಗಿ ಜಗಳ ಇರುವುದು ಮಧ್ಯದ ಸಾಲಿನಲ್ಲಿ ಮಾತ್ರ ಅಂತ ಗೊತ್ತಾಗುತ್ತದೆ. ನಡಿಗೆ ಉಳಿಸುವುದು ಅವಳ ಗುರಿಯೂ ಹೌದಾದರೆ ಅದಕ್ಕೆ ಬೇರೆ ಸಮಯ ಇಡಿ, ಮೇಲೆ ಹೇಳಿದ ಬಲದ ವ್ಯಾಯಾಮದ ಜೊತೆ.

ಅಳತೆಯಲ್ಲಿ ಹೆಚ್ಚು ಎಡವುವುದು ಸೀಟಿನ ಆಳದಲ್ಲಿ. "ಹೇಗೂ ಬೆಳೆಯುತ್ತಾಳೆ" ಅಂತ ಆಳ ಹೆಚ್ಚು ಇಟ್ಟರೆ ಬೆನ್ನು ಹಿಂದಕ್ಕೆ ತಲುಪುವುದಿಲ್ಲ, ಸೊಂಟ ಮುಂದೆ ಜಾರಿ ಬೆನ್ನು ಗೂನಾಗುತ್ತದೆ, ಆಗ ಜಾಯ್‌ಸ್ಟಿಕ್‌ಗೆ ಕೈ ಎಟುಕುವುದಿಲ್ಲ. ಕೊನೆಗೆ ಕೈಯಲ್ಲಿ ಬಲ ಸಾಲದು ಅಂತ ನಾವು ಬರೆಯುತ್ತೇವೆ. ಮಂಡಿಯ ಹಿಂಬದಿಗೂ ಸೀಟಿನ ಅಂಚಿಗೂ ನಡುವೆ ಎರಡು ಮೂರು ಬೆರಳು ಆಡಬೇಕು. ಸೊಂಟದ ಬೆಲ್ಟ್ ಸೀಟಿಗೆ 45ರಿಂದ 60 ಡಿಗ್ರಿ ಕೋನದಲ್ಲಿ ಕೆಳಕ್ಕೆ ಎಳೆಯಬೇಕು, ಹೊಟ್ಟೆಯ ಮೇಲೆ ಕೂರಬಾರದು. ಆಳ ಹೊಂದಿಸಲು ಬರುವ ಸೀಟ್ ಕೇಳಿ, ಆರು ತಿಂಗಳಿಗೊಮ್ಮೆ ಅಳೆಯಿರಿ. ಬಣ್ಣ ಅವಳೇ ಆರಿಸಲಿ, ಅದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ.

ಒಂದನೇಪುರುಷ (ಸಿಪಿ ಇರುವ ವಯಸ್ಕ)

ಭೇಟಿಯ ಬಗ್ಗೆ ಕೆಲವು ಮಾತು. ಕುರ್ಚಿಗಳನ್ನು ಹೇಗೆ ಹಾಕಿದ್ದೀರಿ ಅನ್ನುವುದರಲ್ಲೇ ಅರ್ಧ ತೀರ್ಮಾನ ಆಗಿರುತ್ತದೆ. ಥೆರಪಿಸ್ಟ್ ಎದುರಿಗೆ ಹುಡುಗ ಅಥವಾ ಹುಡುಗಿ, ಕಣ್ಣಿನ ಎತ್ತರ ಸಮ ಇರಲಿ, ತಂದೆತಾಯಿ ಪಕ್ಕದಲ್ಲಿ ಸ್ವಲ್ಪ ಹಿಂದೆ. ನಾನಾದರೆ 13ನೇ ವಯಸ್ಸಿನಿಂದಲೇ ಪ್ರತಿ ಭೇಟಿಯಲ್ಲೂ 10 ನಿಮಿಷ ಅವರೊಬ್ಬರ ಜೊತೆಗೇ ಮಾತಾಡಿ ಅನ್ನುತ್ತೇನೆ. ಎಲ್ಲರಿಗೂ ಇದೇ ನಿಯಮ ಅಂತ ಮೊದಲೇ ಹೇಳಿಬಿಟ್ಟರೆ ಮನೆಯವರಿಗೆ ಬೇಸರವಾಗುವುದಿಲ್ಲ. ಮನಸ್ಸು ಕುಗ್ಗುವುದು, ಮೂತ್ರದ ತೊಂದರೆ, ಪ್ರೀತಿ, ಲೈಂಗಿಕತೆ ಇವೆಲ್ಲ ಬರುವುದು ಆ ಹತ್ತು ನಿಮಿಷದಲ್ಲೇ. ಮೊದಲ ಸಲ ಏನೂ ಹೇಳುವುದಿಲ್ಲ. ಮೂರನೇ ಸಲ ಹೇಳುತ್ತಾರೆ, ಆದ್ದರಿಂದ ನಡುವೆ ಥೆರಪಿಸ್ಟ್ ಬದಲಾಗದಂತೆ ನೋಡಿಕೊಳ್ಳಿ.

ದೊಡ್ಡವರ ವಿಭಾಗಕ್ಕೆ ದಾಟುವ ಮುಂಚೆ ಕೈಯಲ್ಲಿ ಒಂದು ಪುಟ ಇರಬೇಕು, ಅವರದ್ದೇ ಮಾತಿನಲ್ಲಿ: ನನ್ನ ಸಿಪಿ ಯಾವ ಬಗೆ, ಆದ ಆಪರೇಷನ್‌ಗಳು ಯಾವ ವರ್ಷ, ಔಷಧಿ ಮತ್ತು ಪ್ರಮಾಣ, ನಾನು ಹೌದು ಅನ್ನುವುದು ಹೇಗೆ, ನನ್ನನ್ನು ಎತ್ತುವುದು ಹೇಗೆ, ಎಲ್ಲಿ ಹಿಡಿದರೆ ನೋವಾಗುತ್ತೆ. ಮಕ್ಕಳ ವಿಭಾಗದಲ್ಲಿ ಒಂದೇ ತಂಡ ನೋಡುತ್ತಿದ್ದದ್ದನ್ನು ಅಲ್ಲಿ ನಾಲ್ಕು ಕಡೆ ನಾಲ್ವರು ನೋಡುತ್ತಾರೆ, ಪ್ರತಿ ಕಡೆಯೂ ಮೊದಲಿನಿಂದ ಕೇಳುತ್ತಾರೆ. ಭೇಟಿಯ ಪತ್ರವನ್ನು ಅವರ ಹೆಸರಿಗೇ ಬರೆಯಿರಿ, ಪ್ರತಿಯನ್ನು ಮನೆಯವರಿಗೆ ಕೊಡಿ.

ಕೊನೆಯದು ಫೋನ್. "ಅಪಾಯಿಂಟ್‌ಮೆಂಟ್ ತಾನೇ ತೆಗೆದುಕೊಳ್ಳಬಲ್ಲರು" ಅನ್ನುವ ಸಾಲು ಸಿದ್ಧತೆಯ ಪಟ್ಟಿಗಳಲ್ಲಿ ಇರುತ್ತದೆ. ಮಾತು ತೊದಲುವವರ ಕರೆಯನ್ನು ಆ ಕಡೆಯವರು ಅರ್ಧಕ್ಕೇ ಇಟ್ಟುಬಿಡುತ್ತಾರೆ. ಸಂದೇಶ ಕಳಿಸಿ ದಿನ ಗೊತ್ತುಮಾಡುವ ದಾರಿ ನಿಮ್ಮ ಘಟಕದಲ್ಲಿ ಇದೆಯಾ ಅಂತ ಮೊದಲು ನೋಡಿ. ಅದಿಲ್ಲದೆ ಆ ಸಾಲಿನ ಮುಂದೆ "ಇಲ್ಲ" ಅಂತ ಗುರುತು ಹಾಕಬೇಡಿ.